ಹಡೆದದ್ದೆಷ್ಟು ಎಂದು ಕೇಳುತ್ತಿದ್ದವರು

ಬಾಯಾರು ತೀರಿಹೋದ ಸುದ್ದಿ ನನಗೆ ತಿಳಿದದ್ದು ಗೋಕಾಕದ ಕೋರ್ಟಿನ ಎದುರು, ಬೇವಿನ ಗಿಡದ ಕೆಳಗೆ ಕೂತು ಯಾರದೋ ಖರೇದಿ ಪತ್ರ ಬರೆಯುತ್ತಿದ್ದಾಗ. ನಮ್ಮ ವಂಶಾವಳಿ ಮಂಡಳಿಯ ಅಧ್ಯಕ್ಷರು ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿದ್ದರು. ಓದಿ, ಮೊಬೈಲು ಬೋರಲು ಹಾಕಿ, ಮತ್ತೆ ಬರೆಯತೊಡಗಿದೆ. ಚಕ್ಕುಬಂದಿ ಬರೆಯುವಾಗ ಪೂರ್ವಕ್ಕಿದ್ದ ಹೊಲವನ್ನು ಪಶ್ಚಿಮಕ್ಕೆ ಬರೆದುಬಿಟ್ಟೆ. ಇಷ್ಟು ವರ್ಷದ ಬಾಂಡ್ ರೈಟರ್ ಕೆಲಸದಲ್ಲಿ ಇಂಥ ತಪ್ಪು ಮಾಡಿದವನಲ್ಲ ಎಂದು ಇಲ್ಲಿ ಬರೆಯಲು ಹೋಗಿದ್ದೆ. ಆದರೆ ಈ ಬರಹವೇ ನನ್ನ ಒಂದು ತಪ್ಪಿನದು.

"ಏನಾತ್ರಿ?" ಎಂದು ಎದುರು ಕೂತ ರೈತ ಕೇಳಿದ.

"ನಮ್ಮವರೊಬ್ರು ತೀರಿಕೊಂಡ್ರು."

"ಬೀಗರೇನ್ರಿ?"

"ಅಲ್ಲರಿ," ಅಂದೆ. ಮಂದಿಯ ಸಂಬಂಧಗಳನ್ನೆಲ್ಲ ಹಾಳೆಯ ಮೇಲೆ ಗೆರೆ ಎಳೆದು ತೋರಿಸುವ ನನಗೆ, ಅವರಿಗೂ ನನಗೂ ನಡುವೆ ಎಳೆಯಲು ಒಂದು ಗೆರೆಯೂ ಇರಲಿಲ್ಲ. ಆದರೂ ಆ ದಿನ ಪತ್ರ ಮುಗಿಸಲಾಗಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಹಳ್ಳಿಗಳಲ್ಲಿ ಅವರ ಜೊತೆ ತಿರುಗಿದ್ದೇನೆ. ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ಕೇಳಿಲ್ಲ. ಸರಕಾರಿ ದವಾಖಾನೆಯ ನರ್ಸಾಗಿ ಈ ಮೂರು ತಾಲೂಕುಗಳಲ್ಲೇ ಬದುಕು ಸವೆಸಿದವರು. ಹಳ್ಳಿಯ ಹೆಂಗಸರಿಗೆ ನರ್ಸಬಾಯಿ. ನಮಗೆ ಬಾಯಾರು.

ನಮ್ಮ ಮಂಡಳಿಯೆಂದರೆ ದೊಡ್ಡದೇನಲ್ಲ. ಗೋಕಾಕದ ಪೇಟೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ, ಎರಡು ಕಬ್ಬಿಣದ ಕಪಾಟು, ಒಂದು ಉದ್ದನೆಯ ಮೇಜು, ಎಂಟು ಜನ. ತಿಂಗಳ ಎರಡನೇ ರವಿವಾರ ಸೇರುತ್ತೇವೆ. ಯಾವ ಮನೆತನ ಎಲ್ಲಿಂದ ಬಂತು, ಯಾವ ಅಡ್ಡಹೆಸರು ಹೇಗೆ ಹತ್ತಿತು, ಒಂದೇ ಅಡ್ಡಹೆಸರಿನ ಎರಡು ಊರಿನವರು ಅಣ್ಣತಮ್ಮಂದಿರ ಕವಲೋ ಅಲ್ಲವೋ, ಇದೇ ನಮ್ಮ ಹುಚ್ಚು. ಎತ್ತಿನ ಮೇಲೆ ಮನೆಮನೆಗೆ ಬಂದು ವಂಶ ಹೇಳುವ ಹೆಳವರ ಪುಸ್ತಕ, ಮೋಡಿ ಲಿಪಿಯ ಹಳೆಯ ಜನನ-ಮರಣದ ದಪ್ತರ, ಸಾಲೆಯ ದಾಖಲೆ, ಸಮಾಧಿಯ ಕಲ್ಲು ಎಲ್ಲವನ್ನೂ ತಾಳೆ ನೋಡಿ ದೊಡ್ಡ ಹಾಳೆಯ ಮೇಲೆ ಮನೆತನದ ವಂಶಾವಳಿ ಬರೆದು ಕೊಡುತ್ತೇವೆ. ಅಧ್ಯಕ್ಷರು ನಿವೃತ್ತ ಭೂಮಾಪಕರು. ಮನುಷ್ಯರನ್ನೂ ಸರ್ವೇ ನಂಬರಿನಂತೆ ಅಳೆದು ಬಾಂದುಕಲ್ಲು ನೆಟ್ಟರೇ ಅವರಿಗೆ ಸಮಾಧಾನ. ನನ್ನ ಅಕ್ಷರ ಚೆಂದ ಎಂದು ಶುದ್ಧಪ್ರತಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೆಳಗೆ ಗಿರಣಿ ನಡೆದಾಗ ಹಿಟ್ಟಿನ ಪುಡಿ ಮೇಲೆದ್ದು ಕಾಗದಗಳ ಮೇಲೆಲ್ಲ ಕೂಡುತ್ತದೆ. ಯಾವ ಪುಟ ತೆರೆದರೂ ಮೊದಲು ಬಟ್ಟೆಯಿಂದ ಝಾಡಿಸಬೇಕು.

ಬಾಯಾರು ಮೊದಲ ಸಲ ಆ ಮೆಟ್ಟಿಲು ಹತ್ತಿ ಬಂದದ್ದು ನಿವೃತ್ತರಾದ ಮೇಲೆ. ಬಂದವರೇ ಕೈ ತೊಳೆಯಲು ನೀರು ಕೇಳಿದರು, ಆಮೇಲೆ ಸಾಬಾಣ ಕೇಳಿದರು. ಇಲ್ಲವೆಂದೆವು. "ಇಷ್ಟ ಮಂದಿ ಹಿರೇರ ಹೆಸರು ಮುಟ್ಟತೀರಿ, ಕೈ ತೊಳಿಯಂಗಿಲ್ಲೇನ್ರಿ?" ಎಂದು ನಕ್ಕರು. ಮರುತಿಂಗಳು ತಾವೇ ಒಂದು ಸಾಬಾಣ ತಂದು ಕಿಡಕಿಯಲ್ಲಿಟ್ಟರು. ಅವರು ಹುಡುಕಿಕೊಂಡು ಬಂದದ್ದು ತಮ್ಮ ಮನೆತನವನ್ನು. ನಮ್ಮ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ.

"ನಿಮ್ಮ ಓಣಿಗೆ ಹೆಳವರು ಹೋಗ್ತಿರಲಿಲ್ಲರಿ," ಎಂದು ಅಧ್ಯಕ್ಷರು ಸಂಕೋಚದಿಂದ ಹೇಳಿದರು.

"ಗೊತ್ತೈತ್ರಿ. ಹೊಲ ಇದ್ದವರ ಮನಿಗಷ್ಟ ಅವರ ಎತ್ತು ಬರ್ತಿತ್ತು. ನಮ್ಮದು ಅಜ್ಜನ ಹೆಸರಿಗೆ ನಿಂತಬಿಡ್ತೈತಿ." ಸ್ವಲ್ಪ ಹೊತ್ತು ಹೆಳವರ ಪುಸ್ತಕದ ಹೊದಿಕೆಯ ಮೇಲೆ ಕೈಯಾಡಿಸಿದರು. "ಇರ್ಲಿ ಬಿಡ್ರಿ. ನಮ್ಮದು ಸಿಗದಿದ್ರ ಮಂದೀದರ ಹುಡುಕೂಣು."

ಹಾಗೆ ಒಂಬತ್ತನೆಯವರಾದರು. ಪ್ರತಿ ಎರಡನೇ ರವಿವಾರ ಹುಕ್ಕೇರಿಯಿಂದ ಬಸ್ಸು ಹತ್ತಿ ಬರುತ್ತಿದ್ದರು.

ನಾವು ಗಂಡಸರು ಒಂದು ಮನೆಗೆ ಹೋದರೆ ಪಡಸಾಲೆಯಲ್ಲಿ ಕೂತು "ಮಕ್ಕಳು ಎಷ್ಟ ಮಂದ್ರಿ?" ಎನ್ನುತ್ತಿದ್ದೆವು. ಯಜಮಾನ ಬದುಕಿರುವ ಗಂಡುಮಕ್ಕಳನ್ನು ಎಣಿಸುತ್ತಿದ್ದ, ಒತ್ತಾಯ ಮಾಡಿದರೆ ಹೆಣ್ಣುಮಕ್ಕಳನ್ನೂ ಸೇರಿಸುತ್ತಿದ್ದ. ಬಾಯಾರು ಪಡಸಾಲೆಯಲ್ಲಿ ಕೂಡುತ್ತಲೇ ಇರಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಮುದುಕಿಯ ಪಕ್ಕ ನೆಲಕ್ಕೆ ಕೂತು, "ಯವ್ವಾ, ಎಷ್ಟ ಹಡದಿ?" ಎಂದು ಕೇಳುವರು. ಕೇಳಿ ಸುಮ್ಮನಿರುವರು. ಹೊರಗೆ ಕೂತ ನಮಗೆ ರೊಟ್ಟಿ ಬಡಿಯುವ ಸಪ್ಪಳ ನಿಂತದ್ದು ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ "ಒಂಬತ್ತು" ಎಂಬ ದನಿ ಬರುತ್ತಿತ್ತು. ಅಷ್ಟರಲ್ಲಿ ಯಜಮಾನ ನಮಗೆ ನಾಲ್ಕು ಎಂದು ಬರೆಸಿ ಎಲೆ ಅಡಿಕೆ ಮುಂದಿಟ್ಟಿರುತ್ತಿದ್ದ.

ಮಿಕ್ಕ ಐದು ಎಲ್ಲಿ ಹೋದವು ಎಂಬುದೇ ಬಾಯಾರ ಸಂಶೋಧನೆ. ಹುಟ್ಟುತ್ತಲೇ ಹೋದವು, ಹೆಸರಿಟ್ಟ ಮೇಲೆ ಹೋದವು, ಅಂಬೆಗಾಲಿಡುವಾಗ ಹೋದವು. ಕೆಲವು ತಾಯಂದಿರು ಆ ಲೆಕ್ಕವನ್ನು ಅದೇ ಮೊದಲ ಸಲ ಬಾಯಿಬಿಟ್ಟು ಹೇಳುತ್ತಿದ್ದರು. ಹೇಳುವಾಗ ಬಾಯಾರು ಅವರ ಮಣಿಕಟ್ಟು ಹಿಡಿದುಕೊಂಡಿರುತ್ತಿದ್ದರು. ಯಾರ ಕೈ ಹಿಡಿದರೂ ಎರಡು ಬೆರಳು ತಾವಾಗಿಯೇ ನಾಡಿಯ ಮೇಲೆ ಹೋಗುತ್ತಿದ್ದವು. ದವಾಖಾನೆಯ ರೂಢಿ, ಬಿಟ್ಟಿರಲಿಲ್ಲ.

ಒಮ್ಮೆ ಹುಕ್ಕೇರಿ ಕಡೆಯ ಒಂದು ದೊಡ್ಡ ಮನೆಯಲ್ಲಿ ಯಜಮಾನರು ಅಡುಗೆಮನೆಯ ಹೊಸ್ತಿಲ ಹತ್ತಿರ ಅವರನ್ನು ತಡೆದು, "ನಿಮ್ಮ ಅಡ್ಡಹೆಸರು ಏನಂದ್ರಿ?" ಎಂದು ಕೇಳಿದರು. ಬಾಯಾರು ಹೇಳಿದರು. ಆ ಅಡ್ಡಹೆಸರು ಕೇಳಿದರೆ ನಮ್ಮ ಭಾಗದಲ್ಲಿ ಯಾವ ಓಣಿಯವರು ಎಂದು ಯಾರಿಗಾದರೂ ತಿಳಿಯುತ್ತದೆ. ಯಜಮಾನರು ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಕೂಸು ಬರೂ ಮುಂದ ಯಾರೂ ನನ್ನ ಅಡ್ಡಹೆಸರು ಕೇಳಿರಲಿಲ್ಲರಿ ಕಾಕಾ," ಅಂದರು ಬಾಯಾರು, ದನಿ ಏರಿಸದೆ. "ಈ ಮನ್ಯಾಗ ಮೂರು ಕೂಸು ಈ ಕೈಲೆ ಹಿಡದೇನಿ. ನಿಮ್ಮ ನಡುವಿನ ಸೊಸೀಗೆ ರಕ್ತ ನಿಲ್ಲಲಿಲ್ಲ ಅಂತ ಚಕ್ಕಡ್ಯಾಗ ಹಾಕ್ಕೊಂಡು ಹೋದಾಕಿ ನಾನ."

ಒಳಗಿನಿಂದ ಆ ನಡುವಿನ ಸೊಸೆಯೇ ಬಂದಳು. ಆಕೆಗೂ ಈಗ ತಲೆ ನೆರೆತಿತ್ತು. "ಮಾವಾರ, ಹಾದಿ ಬಿಡ್ರಿ," ಅಂದಳು. ಯಜಮಾನರು ಸರಿದರು. ನಾನು ಆಗ ಏನು ಮಾಡುತ್ತಿದ್ದೆ ಎಂದರೆ, ಪೆನ್ನಿನ ಟೊಪ್ಪಿಗೆಯನ್ನು ತೆಗೆಯುತ್ತ, ಮತ್ತೆ ಹಾಕುತ್ತ ಇದ್ದೆ.

ಹಾಗೆಂದು ಸದಾ ಬಿಗಿಮೋರೆಯವರೇನಲ್ಲ. ಮೂಡಲಗಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ದಪ್ಪ ಮೀಸೆಯ ಹವಾಲ್ದಾರ ಓಡಿ ಬಂದು ಕಾಲು ಮುಟ್ಟಿದ. "ಗುರುತ ಸಿಕ್ತೇನ್ರಿ ಬಾಯಾರ?" ಅಂದ. "ಸಿಗದ ಏನು? ಕಾಲ ಮುಂದ ಮಾಡಿ ಬಂದಾಂವ ನೀ. ನಿಮ್ಮವ್ವನ ಜೀವಾ ತಿಂದಿದ್ದಿ," ಎಂದು ಅವನ ಜೊತೆಯ ಪೊಲೀಸರೆದುರಿಗೇ ಅಂದುಬಿಟ್ಟರು. ಆತ ನಾಚಿ ಮೀಸೆ ಮುಚ್ಚಿಕೊಂಡ. ನನ್ನನ್ನಂತೂ ಬಿಡುತ್ತಲೇ ಇರಲಿಲ್ಲ. "ರೈಟರ್ ಸಾಹೇಬ್ರ, ನಿಮ್ಮ ಅಕ್ಷರ ಭಾಳ ಚೆಂದ ಅದಾವ. ಅದಕ್ಕ ನಿಮ್ಮ ತಪ್ಪೂ ಚೆಂದ ಕಾಣಸ್ತಾವು," ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ತೀರಿಹೋದ ಮಕ್ಕಳನ್ನು ವಂಶಾವಳಿಯಲ್ಲಿ ಬರೆಯಬೇಕೋ ಬೇಡವೋ ಎಂದು ನಮ್ಮಲ್ಲಿ ಮೂರು ಸಭೆ ನಡೆದವು. "ಬಾಯಾರ, ವಂಶ ಅಂದ್ರ ಮುಂದ ಬೆಳದದ್ದು. ನಿಂತ ಹೋದದ್ದೆಲ್ಲಾ ಬರಕೋತ ಹೋದ್ರ ಹಾಳಿ ಸಾಲಂಗಿಲ್ಲ," ಅಂದರು ಅಧ್ಯಕ್ಷರು. "ಸಾಲದಿದ್ರ ಇನ್ನೊಂದು ಹಾಳಿ ಹಚ್ಚೂಣ್ರಿ. ಅಂಟು ನಾ ತರತೇನಿ," ಅಂದರು ಬಾಯಾರು. ಮರುತಿಂಗಳು ಖರೇನೇ ಒಂದು ಅಂಟಿನ ಬಾಟಲಿ ತಂದು ಸಾಬಾಣದ ಪಕ್ಕದಲ್ಲಿಟ್ಟರು. ಕೊನೆಗೆ ಒಂದು ರಾಜಿ ಆಯಿತು. ಹೆಸರಿಟ್ಟ ಮೇಲೆ ಹೋದ ಮಗುವನ್ನು ಬರೆಯುವುದು, ಪಕ್ಕಕ್ಕೆ ಕಡಲೆ ಕಾಳಿನಷ್ಟು ಒಂದು ಉಂಗುರ ಹಾಕುವುದು. ಹೆಸರಿಡುವ ಮೊದಲೇ ಹೋದವುಗಳಿಗೆ ಜಾಗವಿಲ್ಲ. ಅವುಗಳನ್ನು ಬಾಯಾರು ತಮ್ಮದೇ ಒಂದು ನೋಟುಬುಕ್ಕಿನಲ್ಲಿ ತಾಯಿಯ ಹೆಸರಿನ ಮುಂದೆ ಬರೀ ಉಂಗುರಗಳಾಗಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ತೆರೆದು ನೋಡಿದ್ದೆ, ಎರಡು ಪುಟ ತಿರುವಿ ಮುಚ್ಚಿಟ್ಟೆ.

ಇನ್ನು ಮಮದಾಪುರದ ಮಾತು.

ಅಲ್ಲಿಯ ಒಂದು ಒಕ್ಕಲು ಮನೆತನದವರು ಹೊಸ ಮನೆ ಕಟ್ಟಿಸಿದ್ದರು. ವಾಸ್ತುಶಾಂತಿಯ ದಿನ ಪಡಸಾಲೆಯ ಗೋಡೆಗೆ ತಮ್ಮ ವಂಶಾವಳಿ ತೂಗಬೇಕೆಂದು ಅವರ ಆಸೆ. ಆ ಮನೆಯ ಹಿರಿಯಳು ಗೌರವ್ವ, ಎಂಬತ್ತು ದಾಟಿದಾಕೆ. ಬಾಯಾರು ಒಂದು ಮುಂಜಾನೆಯೆಲ್ಲ ಆಕೆಯ ಜೊತೆ ಕೂತು ಬರೆದುಕೊಂಡು ಬಂದರು. ಗೌರವ್ವನ ಚೊಚ್ಚಲ ಮಗ ಮಲ್ಲಪ್ಪ, ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ತೀರಿಹೋದ. ನಡುವೆ ಒಬ್ಬ ಮಗಳು, ಶಾಂತವ್ವ. ಆಮೇಲೆ ಮತ್ತೊಬ್ಬ ಮಗ ಹುಟ್ಟಿದಾಗ, ಮನೆದೇವರ ಹೆಸರು ಮನೆಯಲ್ಲಿ ನಿಲ್ಲಬೇಕೆಂದು ಹಿರಿಯರು ಅವನಿಗೂ ಮಲ್ಲಪ್ಪ ಎಂದೇ ಹೆಸರಿಟ್ಟರು. ಹಿರಿಯ ಮಲ್ಲಪ್ಪನ ಪಕ್ಕಕ್ಕೆ ಬಾಯಾರು ಪೆನ್ಸಿಲ್ಲಿನಿಂದ ಉಂಗುರ ಹಾಕಿದ್ದರು.

ಶುದ್ಧಪ್ರತಿ ಬರೆಯಲು ಕೂತಾಗ ನನಗೆ ಆ ಉಂಗುರ ಕಾಣಲಿಲ್ಲ. ಹಿಟ್ಟಿನ ಪುಡಿಯ ಜೊತೆ ನನ್ನ ಝಾಡಿಸುವ ಬಟ್ಟೆಗೇ ಅದು ಹೋಗಿರಬೇಕು. ಕಂಡದ್ದು, ಒಬ್ಬ ತಂದೆಯ ಕೆಳಗೆ ಮಲ್ಲಪ್ಪ ಎಂದು ಎರಡು ಸಲ. ನಮ್ಮ ಕೆಲಸದಲ್ಲಿ ಇದು ದಿನಾ ಕಾಣುವ ಕಾಟ. ನಕಲು ಮಾಡುವವರು ಒಂದೇ ಹೆಸರನ್ನು ಎರಡು ಸಲ ಬರೆದಿರುತ್ತಾರೆ, ಅಂಥವನ್ನು ಹಿಡಿದು ಹೊಡೆದುಹಾಕುವುದರಲ್ಲಿ ನಾನು ನಿಸ್ಸೀಮ ಎಂದು ಹೆಸರು ಮಾಡಿದ್ದೆ. ಕರಡಿನಲ್ಲಿ ಮೊದಲನೆಯ ಮಲ್ಲಪ್ಪನ ಮೇಲೆ ಗೆರೆ ಎಳೆದೆ. ಬಾಯಾರನ್ನು ಒಂದು ಮಾತು ಕೇಳಬಹುದಿತ್ತು. ಕೇಳಬೇಕೆಂದು ಅನಿಸಲೂ ಇಲ್ಲ, ಅಷ್ಟು ಖಾತ್ರಿ ನನಗೆ.

ವಾಸ್ತುಶಾಂತಿಗೆ ಊರೆಲ್ಲ ಬಂದಿತ್ತು. ಗಾಜು ಹಾಕಿದ ಚೌಕಟ್ಟನ್ನು ಗೋಡೆಗೆ ತೂಗಿದರು. ಗೌರವ್ವನಿಗೆ ಓದು ಬರದು. ಬಾಯಾರು ಆಕೆಯ ತೋರುಬೆರಳು ಹಿಡಿದು ಗಾಜಿನ ಮೇಲೆ ಒಂದೊಂದೇ ಹೆಸರಿನ ಮೇಲೆ ಇಟ್ಟು ತೋರಿಸುತ್ತಿದ್ದರು. "ಇಂವ ನಿನ್ನ ಗಂಡ. ಇಕಿ ನೀನು. ಇಕಿ ಶಾಂತವ್ವ. ಇಂವ ಮಲ್ಲಪ್ಪ."

"ಇಂವ ಸಣ್ಣಾಂವ," ಅಂದಳು ಗೌರವ್ವ. "ದೊಡ್ಡಾಂವ ಎಲ್ಲಿ ಅದಾನು?"

ಬಾಯಾರು ಶಾಂತವ್ವನ ಮೇಲಿನ ಜಾಗ ನೋಡಿದರು. ಅಲ್ಲಿ ಹೆಸರಿರಲಿಲ್ಲ, ಬರೀ ಕವಲಿನ ಗೆರೆಯಿತ್ತು. ನನ್ನ ಕಡೆ ತಿರುಗಿದರು. "ಎರಡ ಸಲ ಬಂದಿತ್ರಿ, ಅದಕ್ಕ ಒಂದು ತಗದೆ," ಎಂದು ಪಿಸುಗುಟ್ಟಿದೆ. ಆ ಕ್ಷಣ ಅವರ ಮುಖ ಹೇಗಾಯಿತೆಂದು ನನಗೆ ಬರೆಯಲು ಬಾರದು. ಗೌರವ್ವನ ಕಡೆ ತಿರುಗಿ, "ನಂದ ತಪ್ಪು ಯವ್ವಾ. ಬರಸೂ ಮುಂದ ನಾನ ಬಿಟ್ಟೆ," ಅಂದರು.

"ನಾ ಹೇಳಿದ್ನಲ್ಲಾ ಬಾಯಾರ? ಉಳಿದವ್ರದು ಎಲ್ಲಾರಿಗೂ ಗೊತ್ತೈತಿ. ಅವನ ಸಲುವಾಗೇ ನಾ ಬರಸಿದ್ದೆ."

"ಹೌದು ಯವ್ವಾ. ಬರಸ್ತೇನಿ. ನೀ ಕಣ್ಣಲೆ ನೋಡ್ತಿ, ಬೆರಳಿಟ್ಟು ತೋರಸ್ತೇನಿ."

ಮರುದಿನವೇ ಬರೆದುಬಿಡಬಹುದಿತ್ತು ಎಂದು ನೀವು ಅನ್ನಬಹುದು. ಎರಡು ಅಡ್ಡಿ ಬಂದವು. ಒಂದು, ಬದುಕಿರುವ ಮಲ್ಲಪ್ಪ. ಆತ ಐವತ್ತು ದಾಟಿದ ಗಟ್ಟಿ ಆಳು, ಆದರೂ ಈ ಮಾತಿಗೆ ಬೆದರಿದ. "ಸತ್ತಾಂವಂದು ನಂದು ಒಂದ ಹೆಸರು, ಬಾಜೂ ಬಾಜೂ ಬ್ಯಾಡ್ರಿ. ಸಣ್ಣಾಂವಿದ್ದಾಗಿಂದ ಇದನ್ನ ಕೇಳಿ ಕೇಳಿ ಸಾಕಾಗೈತಿ," ಅಂದ. ಎರಡನೆಯದು ನಮ್ಮ ನಿಯಮ. ನಾವು ಬರೆದುಕೊಟ್ಟ ಒಂದು ವಂಶಾವಳಿಯನ್ನು ಯಾರೋ ಜಮೀನಿನ ದಾವೆಯಲ್ಲಿ ಹಾಜರು ಮಾಡಿ, ನಮ್ಮ ಅಧ್ಯಕ್ಷರು ಕಟಕಟೆಯಲ್ಲಿ ಅರ್ಧ ದಿನ ನಿಂತು ಬೆವರಿದ್ದರು. ಅಂದಿನಿಂದ, ಮನೆಯವರಲ್ಲಿ ಒಬ್ಬರು ಬೇಡವೆಂದರೂ ಸಾಕು, ಆ ಹೆಸರು ಸೇರಿಸಲು ಒಂದು ಕಾಗದ ಬೇಕು, ಇಲ್ಲವೆ ಆ ಮನೆಯವರಲ್ಲದ ಇಬ್ಬರು ಸಾಕ್ಷಿಗಳು ಬೇಕು. ಆ ನಿಯಮದ ಕರಡು ಬರೆದವನು ನಾನೇ.

ಬಾಯಾರು ಕಾಗದ ಹುಡುಕಲು ಹೊರಟರು. ನಾಲ್ಕು ವರ್ಷದ ಕೂಸಿಗೆ ಸಾಲೆಯ ದಾಖಲೆ ಎಲ್ಲಿಯದು? ಸಾವು ಬರೆಸುವ ರೂಢಿ ಆಗ ಆ ಮನೆಯಲ್ಲಿರಲಿಲ್ಲ. ದವಾಖಾನೆಗಳ ಹಳೆಯ ಕೋಣೆಗಳಲ್ಲಿ ಕೂತು ಗೆದ್ದಲು ತಿಂದ ರಜಿಸ್ಟರುಗಳನ್ನು ತಿರುವಿದರು. ಎಲ್ಲೂ ಸಿಗಲಿಲ್ಲ. ಆಗ ಅವರಿಗೆ ಹೊಳೆಯಿತು, ಆ ಕಾಲದಲ್ಲಿ ಊರೂರಿಗೆ ಹೋಗಿ ಮಕ್ಕಳಿಗೆ ದೇವಿ ಹಾಕುತ್ತಿದ್ದವರು ಯಾರಾದರೂ ಬದುಕಿದ್ದಾರೆಯೇ ಎಂದು. ಸಿಡುಬಿನ ಲಸಿಕೆಗೆ ನಮ್ಮಲ್ಲಿ ದೇವಿ ಹಾಕುವುದು ಎನ್ನುತ್ತಾರೆ. ಕೇಳುತ್ತ ಕೇಳುತ್ತ ಕಣಗಲಾದಲ್ಲಿ ಒಬ್ಬ ಅಜ್ಜನನ್ನು ಪತ್ತೆ ಹಚ್ಚಿದರು. ನನ್ನನ್ನೂ ಕರೆದುಕೊಂಡು ಹೋದರು. ಹೆದ್ದಾರಿಯಲ್ಲಿ ಇಳಿದು ನಡೆಯುವಾಗ ಎರಡು ಸಲ ನಿಂತು ಏದುಸಿರು ಬಿಟ್ಟರು. ವಯಸ್ಸು ಎಂದುಕೊಂಡೆ.

ಅಜ್ಜನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಿತ್ತು. ಮಮದಾಪುರ, ಬಾವಿಯ ಹತ್ತಿರದ ಮನೆ, ಗೌರವ್ವ, ಮಲ್ಲಪ್ಪ ಎಂದು ಬಾಯಾರು ಒಂದೊಂದೇ ಹೇಳಿದರು. ಅಜ್ಜ ತನ್ನ ಬಲಗೈ ಹೆಬ್ಬೆರಳನ್ನು ತಿಕ್ಕಿಕೊಂಡ.

"ಕಚ್ಚಿದ್ದನ್ರಿ ಅಂವ," ಅಂದ. "ಕಣಜದಾಗ ಅಡಗಿದ್ದ. ಎಳದು ತಗದ್ರ ಹೆಬ್ಬಟ್ಟು ಕಚ್ಚಿ ಬಿಡವಲ್ಲ. ಅವರವ್ವ ಒಂದ ಸಮನ ನಗತಿದ್ಲು. ಬಾಗಲಾಗ ನಿಂತು ನಗತಿದ್ಲರಿ."

ಬಾಯಾರು ಅದನ್ನು ಬರೆದುಕೊಂಡು, ಅಜ್ಜನ ಸಹಿ ಹಾಕಿಸಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಆ ಹಾಳೆಯನ್ನು ಮತ್ತೆ ಮತ್ತೆ ತೆಗೆದು ಓದಿದರು. "ಗೌರವ್ವ ನಗತಿದ್ಲಂತ್ರಿ," ಅಂದರು ನನಗೆ.

ಒಬ್ಬ ಸಾಕ್ಷಿ ಆಯಿತು. ಎರಡನೆಯವರು ಸಿಗಲಿಲ್ಲ. ಆಗಿನವರೆಲ್ಲ ಮಣ್ಣಾಗಿದ್ದರು. ಮುಂದಿನ ಸಭೆಯಲ್ಲಿ ಬಾಯಾರು ಅಜ್ಜನ ಹಾಳೆಯನ್ನು ಮೇಜಿನ ಮೇಲಿಟ್ಟು, ಎರಡನೆಯ ಸಾಕ್ಷಿ ಗೌರವ್ವನೇ ಎಂದರು. ಮನೆಯವರ ಸಾಕ್ಷಿ ನಡೆಯುವುದಿಲ್ಲ ಎಂದೆ ನಾನು.

"ಹಡದಾಕಿ ಹೇಳಿದ್ದು ಸಾಲಂಗಿಲ್ಲ ಅಂದ್ರ, ಈ ಪುಸ್ತಕೆಲ್ಲಾ ಯಾವುದಕ್ಕರಿ?"

ಅಧ್ಯಕ್ಷರು ಕರಗಿದ್ದರು. "ಇದೊಂದು ಸಲ ಬಿಟ್ಟಬಿಡೂಣೇನು?" ಎಂದು ನನ್ನ ಕಡೆ ನೋಡಿದರು. ಆಗ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಒಬ್ಬರಿಗೆ ಸಡಿಲು ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದು ಭಾಷಣ ಮಾಡಿದೆ. ನಿಜ ಹೇಳುತ್ತೇನೆ, ನನಗೆ ನಿಯಮದ ಚಿಂತೆ ಇರಲಿಲ್ಲ. ತಿದ್ದುಪಡಿ ಮಾಡಿದರೆ ನಡಾವಳಿ ಪುಸ್ತಕದಲ್ಲಿ ಕಾರಣ ಬರೆಯಬೇಕು, ಯಾರ ತಪ್ಪಿನಿಂದ ಎಂದು ಬರೆಯಬೇಕು. ಆ ಪುಸ್ತಕ ಬರೆಯುವವನೂ ನಾನೇ. ನನ್ನ ಚೆಂದದ ಅಕ್ಷರದಲ್ಲಿ ನನ್ನ ತಪ್ಪು ಬರೆಯಲು ನನಗೆ ಕೈ ಬರಲಿಲ್ಲ.

"ಆತ್ ಬಿಡ್ರಿ," ಅಂದರು ಬಾಯಾರು. ಸೀರೆಗೆ ಹತ್ತಿದ ಹಿಟ್ಟು ಕೊಡವಿಕೊಂಡು ಮೆಟ್ಟಿಲಿಳಿದರು.

ಶ್ರಾವಣದಲ್ಲಿ ಒಂದು ಮುಂಜಾನೆ ಅವರ ಕರೆ ಬಂತು. "ಗೌರವ್ವ ಹೋದ್ಲರಿ," ಅಂದರು. ಬೈಯಲಿ ಎಂದು ಕಾದೆ. "ಮಣ್ಣಿಗೆ ನಾ ಹೊಂಟೇನಿ. ನೀವು ಬರ್ತೀರೇನು?" ಎಂದಷ್ಟೇ ಕೇಳಿದರು. ಕೋರ್ಟಿನಲ್ಲಿ ಕೆಲಸವಿದೆ ಎಂದೆ. ಕೆಲಸವೇನೂ ಇರಲಿಲ್ಲ.

ಆಮೇಲೆ ಒಂದೇ ಒಂದು ಸಲ ಮಂಡಳಿಗೆ ಬಂದರು, ತಮ್ಮ ಬಳಿ ಇದ್ದ ನಮ್ಮ ಕಾಗದಗಳನ್ನು ಹಿಂದಿರುಗಿಸಲು. ಎಲ್ಲರ ಜೊತೆ ನಗುತ್ತ ಚಹಾ ಕುಡಿದರು. ಬರುವುದನ್ನು ಯಾಕೆ ಬಿಟ್ಟರೆಂದು ನಾವು ಕೇಳಲಿಲ್ಲ. ಮೆಟ್ಟಿಲು ಹತ್ತುವುದು ಆಗುತ್ತಿಲ್ಲ ಎಂಬುದು ಅವರು ಇಟ್ಟುಕೊಂಡ ನೆವ ಎಂದುಕೊಂಡಿದ್ದೆ. ಅದು ನಿಜವಾಗಿತ್ತು. ಹೊಟ್ಟೆಯಲ್ಲಿ ಗಂಟು ಬೆಳೆದಿತ್ತು, ಅವರಿಗೆ ವರ್ಷದಿಂದ ಗೊತ್ತಿತ್ತು. ಅಂದರೆ ಕಣಗಲಾದ ಹಾದಿಯಲ್ಲಿ ನಿಂತು ಏದುಸಿರು ಬಿಡುವಾಗಲೂ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಹುಕ್ಕೇರಿಗೆ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ, ಕಿಡಕಿಯಲ್ಲಿ ಬುದ್ಧನ ಒಂದು ಚಿಕ್ಕ ಮೂರ್ತಿ. ಅಣ್ಣನ ಮಗಳು ಆರೈಕೆಗೆ ಬಂದಿದ್ದಳು. ಬಾಯಾರು ಹಾಸಿಗೆಯಲ್ಲಿ ಅರ್ಧವಾಗಿದ್ದರು. "ಮಂದಿ ಹೊಟ್ಟಿ ನೋಡಿದಾಕಿ ನಾನು. ಈಗ ನನ್ನ ಹೊಟ್ಟಿ ಮಂದಿ ನೋಡಾಕತ್ತಾರ," ಎಂದು ನಗಲು ನೋಡಿದರು.

ನನ್ನ ತಪ್ಪಾಯಿತು ಎಂದು ಹೇಳಲು ಹೋಗಿದ್ದೆ. ಹೇಳಲು ಬಾಯಿ ತೆರೆದರೆ ಬಂದದ್ದು ಮಂಡಳಿಗೆ ಕೊಂಡ ಹೊಸ ಕಪಾಟಿನ ಮಾತು. ಕಪಾಟು ಎಷ್ಟು ಎತ್ತರ, ಎಷ್ಟು ಖಾನೆ, ಎಲ್ಲ ವರ್ಣಿಸಿದೆ. ಅವರು ಕೇಳಿಸಿಕೊಂಡರು.

"ಆ ದೊಡ್ಡಾಂವನ್ನ ಬರದ್ರೇನ್ರಿ?" ಅಂದರು ನಡುವೆ.

"ಬರೂ ರವಿವಾರ ಬರೀತೇನ್ರಿ ಬಾಯಾರ. ಆಣೆ ಮಾಡಿ ಹೇಳತೇನಿ."

"ನಿಯಮ?"

"ಸುಡ್ಲಿ ತಗೋರಿ."

ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಎರಡು ಬೆರಳು ನಾಡಿಯ ಮೇಲೆ ಹೋದವು. "ಭಾಳ ಓಡಾಕತ್ತೈತಿ," ಅಂದರು. "ಸಾವಕಾಶ ರೈಟರ್ ಸಾಹೇಬ್ರ." ಅದೇ ಅವರು ನನ್ನ ಜೊತೆ ಆಡಿದ ಕಡೆಯ ಮಾತು. ರವಿವಾರ ಬರುವ ಮೊದಲೇ, ಗುರುವಾರ, ಹೋಗಿಬಿಟ್ಟರು.

ಬೇವಿನ ಗಿಡದ ಕೆಳಗಿನಿಂದ ಎದ್ದು ಅಂದೇ ಹುಕ್ಕೇರಿಗೆ ಹೋದೆ. ಮನೆಯ ಮುಂದೆ ಓಣಿ ತುಂಬ ಹೆಂಗಸರು. ಮೂಡಲಗಿ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ಒಬ್ಬರಿಗೊಬ್ಬರು ಗುರುತಿಲ್ಲದವರು, "ನಂದು ಮೂರೂ ಬಾಯಾರ ಕೈಯಾಗಿನ್ವು", "ನಂದು ಎರಡು, ಒಂದು ಹೋತು, ಆವಾಗ ಮೂರು ದಿನ ನನ್ನ ಕಡೆನ ಇದ್ರು" ಎಂದು ಅಳುತ್ತ ಹೇಳಿಕೊಳ್ಳುತ್ತಿದ್ದರು. ಇಷ್ಟು ದೊಡ್ಡ ಬಳಗವನ್ನು ಯಾವ ಹಾಳೆಯಲ್ಲಿ ಬರೆಯಬೇಕೋ ನನಗೆ ತಿಳಿಯದು. ನಾನು ದೂರ ನಿಂತು ಅತ್ತೆ. ಮಮದಾಪುರದಿಂದ ಯಾರೂ ಬಂದಿರಲಿಲ್ಲ. ಅವರಿಗೆ ಸುದ್ದಿ ಮುಟ್ಟಿಸಬೇಕಾದವನು ನಾನು, ಮುಟ್ಟಿಸಿರಲಿಲ್ಲ.

ಆ ರವಿವಾರ ಮಮದಾಪುರಕ್ಕೆ ಹೋದೆ. ಜೇಬಿನಲ್ಲಿ ಬರೆಯುವ ಪೆನ್ನಿತ್ತು. ಮಲ್ಲಪ್ಪ ಬೇಡವೆಂದರೆ ಕಾಲಿಗೆ ಬೀಳುವುದು ಎಂದುಕೊಂಡಿದ್ದೆ. ಬಾಯಾರು ತೀರಿಕೊಂಡ ಸುದ್ದಿಯನ್ನು ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ನಾಲ್ಕು ಸಲ ಜೋಡಿಸಿಕೊಂಡಿದ್ದೆ.

ಮಲ್ಲಪ್ಪ ಕುರ್ಚಿ ಹಾಕಿ ಕೂಡಿಸಿದ. ನಾನು ಬಾಯಿ ತೆರೆಯುವ ಮೊದಲೇ, "ನೀವ ಬಂದದ್ದು ಚಲೋ ಆತ್ರಿ. ನಾನ ಬರಾವಿದ್ದೆ," ಅಂದ. ಗೋಡೆಯ ಮೇಲಿನ ಚೌಕಟ್ಟು ನೋಡುತ್ತ ಕೂತ. "ಅವ್ವ ಹೋಗೂ ಮುಂದ ಒಂದು ಮಾತಾತ್ರಿ. ಯಾರಿಗೂ ಹೇಳಿಲ್ಲ. 'ಮಲ್ಲಪ್ಪಾ, ಮಲ್ಲಪ್ಪಾ' ಅಂತ ಕರದ್ಲು. ನಾ ಬಾಜೂಕ ಕುಂತಿದ್ದೆ, ಆಕಿ ಕೈ ನನ್ನ ಕೈಯಾಗಿತ್ತು. 'ನಾ ಇಲ್ಲೇ ಅದೇನಿ ಬೇ' ಅಂದೆ. ಕಣ್ಣ ತಗದು ನನ್ನ ನೋಡಿದ್ಲು. 'ನೀ ಅಲ್ಲೋ ತಮ್ಮಾ' ಅಂದ್ಲರಿ."

ನಾನು ನೆಲ ನೋಡಿದೆ.

"ನನಗ ಸಿಟ್ಟು ಬಂದಿತ್ರಿ ಮದಲ. ಹಿಂಗ ಆರ ತಿಂಗಳು ತಿರಗ್ಯಾಡಿದೆ. ಆಕಿ ಕೇಳಿದ್ದು ಏನರಿ? ಒಂದು ಹೆಸರು. ಗಾಜಿನ ಒಳಗ ಒಂದು ಹೆಸರು. ಅದನ್ನ ನಾ ಬ್ಯಾಡ ಅಂದೆ." ಎದ್ದು ಚೌಕಟ್ಟು ಇಳಿಸಿದ. ಇಕ್ಕಳ ತಂದು ಹಿಂದಿನ ಮೊಳೆಗಳನ್ನು ತಾನೇ ಬಾಗಿಸಿ ತೆಗೆದ. ಹಾಳೆಯನ್ನು ಮೇಜಿನ ಮೇಲೆ ಹಾಸಿ, "ಬರೀರಿ. ನನ್ನ ಮ್ಯಾಲ, ಶಾಂತಕ್ಕನ ಮ್ಯಾಲ ಬರೀರಿ. ಅಂವ ದೊಡ್ಡಾಂವ," ಅಂದ.

ಕೈ ತೊಳೆದುಕೊಂಡು ಬಂದು ಬರೆದೆ. ಜಾಗ ಕಡಿಮೆಯಿತ್ತು, ಅಕ್ಷರ ಸಣ್ಣವಾದವು, ಒಂದು ಒತ್ತು ಸೊಟ್ಟಗಾಯಿತು. ಪಕ್ಕಕ್ಕೆ ಉಂಗುರ ಹಾಕಿದೆ. ಮಲ್ಲಪ್ಪ ಬಾಗಿ ತನ್ನದೇ ಹೆಸರಿನ ಆ ಇನ್ನೊಂದು ಹೆಸರನ್ನು ಗಟ್ಟಿಯಾಗಿ ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಬಹಳ ದಿನದ ಭಾರ ಇಳಿದವನ ಹಾಗೆ ನನ್ನ ಕಡೆ ತಿರುಗಿದ.

"ಬಾಯಾರಿಗೆ ಒಂದು ಫೋನ್ ಹಚ್ರಿ," ಅಂದ. "ಅವ್ವನ ಮಣ್ಣಿಗೆ ಬಂದಾಗ ಭಾಳ ಅತ್ರು. 'ನಿಮ್ಮವ್ವಗ ಮಾತ ಕೊಟ್ಟು ತಪ್ಪಿದೆ ತಮ್ಮಾ' ಅಂದ್ರು ನನಗ. ತಪ್ಪಿಲ್ಲರಿ, ಬರದ್ವಿ ಅಂತ ನಾನ ಹೇಳತೇನಿ."

ನಾನು ಮೊಬೈಲು ತೆಗೆದೆ. ಯಾಕೆ ತೆಗೆದೆನೋ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಮಲ್ಲಪ್ಪ ಕೈ ಚಾಚಿಕೊಂಡು ನಿಂತಿದ್ದ. "ಕೊಡ್ರಿ," ಅಂದ. "ಹಿಂತಾ ಮಾತು ಲಗೂನ ಹೇಳಬೇಕ್ರಿ."